ಮೂರು ಮನೆಯ ಟ್ರ್ಯಾಕ್ಟರ್: ಮೊದಲ 50 ಗಂಟೆಯ ಜಗಳ

ಮದ್ದೂರು ಕಡೆಯ ನಮ್ಮ ಮೂರು ಮನೆ ಸೇರಿ ಒಂದು ಟ್ರ್ಯಾಕ್ಟರ್ ತೆಗೆದುಕೊಂಡಿದ್ದೇವೆ. ಅದಕ್ಕೇ ಒಂದು ವಾಟ್ಸಾಪ್ ಗುಂಪೂ ಇದೆ. ಪೂಜೆಯ ಫೋಟೊಗೆ ಎಲ್ಲರೂ ಕೈ ಮುಗಿದರು, ಅಷ್ಟೇ. ಆಮೇಲೆ ಶುರುವಾಯಿತು. ಹೆಸರುಗಳು ನನ್ನ ಫೋನಿನಲ್ಲಿ ಇರುವ ಹಾಗೆಯೇ ಇವೆ. ಭಾವ ಟ್ರ್ಯಾಕ್ಟರ್ ಮೆಕ್ಯಾನಿಕ್. ಪುಟ್ಟ ಚಿಕ್ಕಪ್ಪನ ಮಗ.

ಚಿಕ್ಕಪ್ಪ: ಗಾಡಿ ಬಂದಿದ್ದು ಸೋಮವಾರ. ಇವತ್ತು ಗುರುವಾರ. ಇನ್ನೂ ಅಂಗಳದಲ್ಲೇ ನಿಂತಿದೆ. ಕಂತು ಮಾತ್ರ ನಿಲ್ಲುವುದಿಲ್ಲ.

ದೊಡ್ಡಪ್ಪ: ಯಾರಪ್ಪ ಹೇಳಿದ್ದು ನಿಂತಿದೆ ಅಂತ? ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಸ್ಟಾರ್ಟ್ ಮಾಡಿ ನಿಂತಲ್ಲೇ ಸ್ಲೋನಲ್ಲಿ ಬಿಡುತ್ತಿದ್ದೇನೆ. ಹೊಸ ಇಂಜಿನ್, ನಿಧಾನಕ್ಕೆ ಪಳಗಬೇಕು. ಹಳೇ ಗಾಡಿ ತಂದಾಗಲೂ ಹೀಗೇ ಮಾಡಿದ್ದೆ.

ಚಿಕ್ಕಪ್ಪ: ಹಸು ತಂದು ಕಟ್ಟಿ ಹಾಲು ಕರೆಯದೆ ಮುಖ ನೋಡುತ್ತಾ ಕೂತ ಹಾಗಾಯಿತು. ನಾನು ಶನಿವಾರ ಕಬ್ಬಿನ ಲೋಡ್ ಒಪ್ಪಿಕೊಂಡಿದ್ದೇನೆ. ಎರಡು ಟ್ರಿಪ್ಪು. ಬಾಡಿಗೆ ಕೈಗೇ ಬರುತ್ತದೆ.

ದೊಡ್ಡಪ್ಪ: ಯಾರನ್ನು ಕೇಳಿ ಒಪ್ಪಿಕೊಂಡೆ?

ಚಿಕ್ಕಪ್ಪ: ನೀನು ಯಾರನ್ನು ಕೇಳಿ ನಾಲ್ಕು ಗಂಟೆ ಡೀಸೆಲ್ ಸುಡುತ್ತಿದ್ದೀಯಣ್ಣ?

ಅಕ್ಕ: 🙏 ಇಬ್ಬರೂ ಸ್ವಲ್ಪ ತಡೆಯಿರಿ. ಇವರು ವರ್ಕ್‌ಶಾಪಿನಲ್ಲಿ ಇದ್ದಾರೆ. ಊಟದ ಹೊತ್ತಿಗೆ ನೋಡುತ್ತಾರೆ.

ಪುಟ್ಟ: ಒಂದು ಫೋಟೊ ಹಾಕುತ್ತೇನೆ, ಯಾರೂ ಬೈಯಬೇಡಿ.

(ಫೋಟೊ: ತಂತಿಯ ಮೇಲೆ ಒಣಗಲು ಹಾಕಿದ ದೊಡ್ಡಪ್ಪನ ಬಿಳಿ ಪಂಚೆ. ಅದರ ಮೇಲೆ ಸಾಸಿವೆ ಗಾತ್ರದ ಕಪ್ಪು ಚುಕ್ಕಿಗಳು. ಹಿಂದೆ ಟ್ರ್ಯಾಕ್ಟರ್. ಬಾನೆಟ್ಟಿನ ಮೇಲೂ ಅದೇ ಚುಕ್ಕಿ.)

ಪುಟ್ಟ: ದೊಡ್ಡಮ್ಮ ಎರಡು ಸಲ ಒಗೆದರು. ಹೋಗಲಿಲ್ಲ. ಮುಟ್ಟಿದರೆ ಜಿಡ್ಡು ಜಿಡ್ಡು.

ದೊಡ್ಡಪ್ಪ: ಪಕ್ಕದವರು ಕಸ ಸುಟ್ಟಿದ್ದು.

ಭಾವ: ಕಸದ್ದಲ್ಲ ಮಾವ. ಸೈಲೆನ್ಸರಿನಿಂದ ಹಾರಿದ್ದು. ಅರೆ ಬೆಂದ ಡೀಸೆಲ್, ಆಯಿಲ್, ಮಸಿ ಮೂರೂ ಸೇರಿ ಹಾಗೆ ಸಿಡಿಯುತ್ತದೆ. ಜಾಸ್ತಿ ಹೊತ್ತು ಸ್ಲೋನಲ್ಲಿ ಬಿಟ್ಟರೆ ಇಂಜಿನ್ ಬೇಕಾದಷ್ಟು ಬಿಸಿಯಾಗುವುದೇ ಇಲ್ಲ.

ದೊಡ್ಡಪ್ಪ: ಅಳಿಯಂದಿರೇ, ಲೋಡ್ ಹಾಕಿದರೆ ಸವೆಯುತ್ತದೆ, ಹಾಕದಿದ್ದರೆ ಸವೆಯುವುದಿಲ್ಲ. ಇದಕ್ಕೆ ಮೆಕ್ಯಾನಿಕ್ ಬೇಕಾ?

ಭಾವ: ಹೊಸ ಇಂಜಿನ್ ಸ್ವಲ್ಪ ಸವೆಯಲೇಬೇಕು ಮಾವ. ಲೈನರ್ ಅಂದರೆ ಪಿಸ್ಟನ್ ಓಡಾಡುವ ಕೊಳವೆ, ಅದರ ಒಳಗೆ ಬೇಕೆಂದೇ ಸಣ್ಣ ಓರೆ ಗೀರು ಹಾಕಿರುತ್ತಾರೆ. ಪಿಸ್ಟನ್ ಸುತ್ತ ಇರುವ ರಿಂಗ್ ಅದಕ್ಕೆ ಉಜ್ಜಿ ಉಜ್ಜಿ ಸರಿಯಾಗಿ ಕೂರಬೇಕು. ರಿಂಗನ್ನು ಲೈನರಿಗೆ ಒತ್ತಿ ಹಿಡಿಯುವುದು ಒಳಗೆ ಉರಿಯುವ ಗ್ಯಾಸಿನ ಪ್ರೆಶರ್. ಲೋಡ್ ಇದ್ದರೆ ಆ ಪ್ರೆಶರ್ ಇರುತ್ತದೆ. ಅಂಗಳದಲ್ಲಿ ಸುಮ್ನೆ ಓಡುತ್ತಿದ್ದರೆ ಎಲ್ಲಿಂದ ಬರಬೇಕು? ಆಯಿಲ್ ಲೈನರ್ ಮೇಲೆ ಸುಟ್ಟು ಪದರ ಕಟ್ಟಿ ನುಣ್ಣಗಾಗುತ್ತದೆ. ಆಮೇಲೆ ರಿಂಗ್ ಕೂರುವುದಿಲ್ಲ. ಗಾಡಿ ಆಯಿಲ್ ಕುಡಿಯಲು ಶುರು ಮಾಡುತ್ತದೆ.

ಚಿಕ್ಕಪ್ಪ: 👏👏 ಹೇಳಿ ಸ್ವಾಮಿ, ಹೇಳಿ. ಶನಿವಾರ ಕಬ್ಬು ತುಂಬುತ್ತೇನೆ.

ಭಾವ: ಅದೂ ಬೇಡ.

ಚಿಕ್ಕಪ್ಪ: ಮತ್ತೆ ಶೋಕೇಸಿನಲ್ಲಿ ಇಡೋಣವಾ?

ಭಾವ: ರಿಂಗ್ ಕೂರುವ ಮೊದಲೇ ಕಬ್ಬಿನ ಟ್ರೇಲರ್ ಕಟ್ಟಿ ಏರಿ ಹತ್ತಿಸಿದರೆ ಉಜ್ಜುವ ಜಾಗವೆಲ್ಲ ವಿಪರೀತ ಬಿಸಿಯಾಗುತ್ತದೆ. ಲೈನರಿಗೆ ಆಳವಾದ ಗೆರೆ ಬೀಳಬಹುದು. ಕ್ಲಚ್ಚು, ಬ್ರೇಕು ಕೂಡ ಹೊಸದು, ಅವೂ ಇನ್ನೂ ಕೂತಿಲ್ಲ. ತುಂಬಿದ ಟ್ರೇಲರ್ ಇಳಿಜಾರಿನಲ್ಲಿ ಹಿಂದಿನಿಂದ ತಳ್ಳಿದಾಗ ಬ್ರೇಕಿನ ಗತಿ ಗೊತ್ತಲ್ವಾ?

ನಾನು: ಹಾಗಾದರೆ ಏನು ಮಾಡಬಹುದು ಭಾವ? ಇಬ್ಬರಿಗೂ ಬೇಡ ಅಂದಿರಿ.

ಭಾವ: 50 ಗಂಟೆ ಆಗುವವರೆಗೆ ಹಗುರ, ಮಧ್ಯಮ ಕೆಲಸ. ಒಣ ಹೊಲದಲ್ಲಿ ಕಲ್ಟಿವೇಟರ್ ಹೊಡೆಯಿರಿ, ಆಳಕ್ಕೆ ಬಿಡಬೇಡಿ. ಗೊಬ್ಬರ ಅರ್ಧ ಟ್ರೇಲರ್ ಸಾಗಿಸಿ. ಸ್ಪೀಡು ಒಂದೇ ಕಡೆ ಹಿಡಿದು ಗಂಟೆಗಟ್ಟಲೆ ಓಡಿಸಬೇಡಿ, ಎಕ್ಸಲೇಟರ್ ಹೆಚ್ಚು ಕಡಿಮೆ ಮಾಡುತ್ತಿರಿ. ದೊಡ್ಡ ಗೇರಿನಲ್ಲಿ ಇಂಜಿನ್ ಉಬ್ಬಸ ಪಡುವ ಹಾಗೆ ಎಳೆಸಬೇಡಿ. ಕೆಸರು ಗದ್ದೆಗೆ ರೋಟವೇಟರ್ ಇಳಿಸುವುದೂ ಸದ್ಯಕ್ಕೆ ಬೇಡ.

ದೊಡ್ಡಪ್ಪ: ನಾನು ಆಗಲೇ 16 ಗಂಟೆ ಓಡಿಸಿದ್ದೇನೆ. ಇನ್ನು 34 ತಾನೇ?

ಪುಟ್ಟ: ಮೀಟರ್ 7 ತೋರಿಸುತ್ತಿದೆ ದೊಡ್ಡಪ್ಪ.

ದೊಡ್ಡಪ್ಪ: ಮೀಟರ್ ಕೆಟ್ಟಿದೆ. ಶೋರೂಮಿನವರಿಗೆ ಫೋನ್ ಮಾಡು.

ಭಾವ: ಕೆಟ್ಟಿಲ್ಲ. ನಮ್ಮದು ಕೇಬಲ್ ಮೀಟರ್. ಇಂಜಿನ್ ಎಷ್ಟು ಸುತ್ತು ತಿರುಗಿತು ಅನ್ನುವ ಲೆಕ್ಕದ ಮೇಲೆ ಓಡುತ್ತದೆ. ಸ್ಲೋನಲ್ಲಿ ಗಡಿಯಾರದ ಎರಡು ಗಂಟೆಗೆ ಮೀಟರ್ ಒಂದು ಗಂಟೆಯೂ ದಾಟುವುದಿಲ್ಲ. ಸರ್ವಿಸಿಗೆ ಮೀಟರ್ ಗಂಟೆಯೇ ಲೆಕ್ಕ.

(ಇಲ್ಲಿ ದೊಡ್ಡಪ್ಪ ಒಂದು ಆಡಿಯೋ ಹಾಕಿದರು. ಅರ್ಧ ಭಾಗ ಇಂಜಿನ್ ಸದ್ದು, ಅರ್ಧ ಭಾಗ ದೊಡ್ಡಮ್ಮನ ಬೈಗುಳ. ಬರೆಯುವಂತಿಲ್ಲ.)

ಮರುದಿನ ಬೆಳಿಗ್ಗೆ:

ಪುಟ್ಟ: ಗಾಡಿ ಸೆಲ್ಫ್ ಹೊಡೆಯುತ್ತಿಲ್ಲ. ಕೀ ತಿರುಗಿಸಿದರೆ ಟಕ್ ಅಂತಲೂ ಅನ್ನುವುದಿಲ್ಲ.

ಚಿಕ್ಕಪ್ಪ: ನೋಡು, ಅಣ್ಣ ಬ್ಯಾಟರಿ ಇಳಿಸಿಬಿಟ್ಟ.

ಪುಟ್ಟ: ಸರಿ ಹೋಯಿತು. ಕೆಳಗೆ ನಿಂತು ಸ್ಕ್ರೂಡ್ರೈವರ್‌ನಲ್ಲಿ ಸ್ಟಾರ್ಟರಿನ ಎರಡು ಬೋಲ್ಟ್ ಮುಟ್ಟಿಸಿದೆ. ಒಂದೇ ಏಟಿಗೆ ಸ್ಟಾರ್ಟ್ 😎 ವಿಡಿಯೋ ನೋಡಿ.

ಭಾವ: ಪುಟ್ಟ, ಮೊದಲು ಆ ವಿಡಿಯೋ ತೆಗಿ. ಯಾರಾದರೂ ನೋಡಿ ಕಲಿತಾರು.

ಪುಟ್ಟ: ಯಾಕೆ ಭಾವ? ಎಲ್ಲರೂ ಮಾಡುತ್ತಾರೆ.

ಭಾವ: ನೀನು ನಿಂತಿದ್ದು ಎಲ್ಲಿ? ಹಿಂದಿನ ದೊಡ್ಡ ಚಕ್ರದ ಮುಂದೆ. ಗೇರಿನಲ್ಲಿ ಇದ್ದಿದ್ದರೆ ಗಾಡಿ ಸ್ಟಾರ್ಟ್ ಆದ ತಕ್ಷಣ ಮುಂದಕ್ಕೆ ಹಾರುತ್ತಿತ್ತು. ಚಕ್ರ ನಿನ್ನ ಮೇಲೇ ಬರುತ್ತಿತ್ತು. ಓಡಲು ಜಾಗ ಇಲ್ಲ, ಬ್ರೇಕ್ ಒತ್ತಲು ಮೇಲೆ ಯಾರೂ ಇಲ್ಲ. ಹೀಗೆ ಸತ್ತವರಿದ್ದಾರೆ. ತಮಾಷೆ ಅಲ್ಲ ಇದು.

ಪುಟ್ಟ: ಮತ್ತೆ ಕೀಯಲ್ಲಿ ಯಾಕೆ ಆಗಲಿಲ್ಲ?

ಭಾವ: ಕ್ಲಚ್ ಪೂರ್ತಿ ಒತ್ತಿದ್ದೆಯಾ?

ಪುಟ್ಟ: ನ್ಯೂಟ್ರಲ್‌ನಲ್ಲಿ ಇತ್ತು. ಕ್ಲಚ್ ಯಾಕೆ ಒತ್ತಬೇಕು?

ಭಾವ: ಪೆಡಲ್ ಹತ್ತಿರ ಒಂದು ಸ್ವಿಚ್ ಇದೆ. ಕ್ಲಚ್ ತಳಕ್ಕೆ ಹೋಗದಿದ್ದರೆ ಸೆಲ್ಫಿಗೆ ಕರೆಂಟೇ ಹೋಗದ ಹಾಗೆ ಮಾಡಿದ್ದಾರೆ. ಗೇರಿನಲ್ಲಿದ್ದಾಗ ಸ್ಟಾರ್ಟ್ ಆಗಬಾರದು ಅಂತಲೇ ಅದು ಇರುವುದು. ನೀನು ಸ್ಕ್ರೂಡ್ರೈವರ್ ಹಿಡಿದು ಅದನ್ನೇ ತಪ್ಪಿಸಿದೆ.

ಚಿಕ್ಕಪ್ಪ: ಪುಟ್ಟ, ಇವತ್ತು ಗಾಡಿ ಮುಟ್ಟಬೇಡ. ಮನೆಗೆ ಬಾ.

ದೊಡ್ಡಪ್ಪ: ಮಗುವನ್ನು ಬೈಯಬೇಡ. ಕೀ ನನ್ನ ಹತ್ತಿರ ಇರಲಿ.

ಭಾವ: ಕೀ ತೆಗೆದಿಟ್ಟರೆ ಪ್ರಯೋಜನ ಇಲ್ಲ ಮಾವ. ಇದು ಡೀಸೆಲ್ ಗಾಡಿ, ನಿಲ್ಲಿಸುವುದೇ ಸ್ಟಾಪ್ ನಾಬ್ ಎಳೆದು. ಕೀ ಇಲ್ಲದೆಯೂ ಅವನು ಮಾಡಿದ ಹಾಗೆ ಸ್ಟಾರ್ಟ್ ಆಗುತ್ತದೆ. ಕ್ರಮ ಕಲಿಸಿ ಸಾಕು. ಹತ್ತುವ ಮೊದಲು ಆಯಿಲ್, ರೇಡಿಯೇಟರ್ ನೋಡು. ಸೀಟಿನಲ್ಲಿ ಕೂತು ಹ್ಯಾಂಡ್ ಬ್ರೇಕ್ ಎಳೆ, ಗೇರ್ ನ್ಯೂಟ್ರಲ್, ರೋಟವೇಟರ್ ತಿರುಗಿಸುವ ಪಿಟಿಒ ಲಿವರ್ ಆಫ್‌ನಲ್ಲಿ ಇರಬೇಕು, ಕ್ಲಚ್ ತಳಕ್ಕೆ ಒತ್ತಿ ಕೀ ತಿರುಗಿಸು. ಹತ್ತು ಸೆಕೆಂಡಿಗಿಂತ ಜಾಸ್ತಿ ಸೆಲ್ಫ್ ಹೊಡೆಯಬೇಡ. ಆಗದಿದ್ದರೆ ಬಿಟ್ಟು, ಅರ್ಧ ನಿಮಿಷ ಕಳೆದು ಮತ್ತೆ ನೋಡು. ಸ್ಟಾರ್ಟ್ ಆದ ಮೇಲೆ ಆಯಿಲ್ ಪ್ರೆಶರ್ ದೀಪ ಆರಿತಾ ನೋಡು. ಎರಡು ಮೂರು ನಿಮಿಷ ಸ್ಲೋನಲ್ಲಿ ಇದ್ದರೆ ಸಾಕು, ಆಮೇಲೆ ಹೊರಡು.

ದೊಡ್ಡಪ್ಪ: ಎರಡು ಮೂರು ನಿಮಿಷವಾ?! 

ಅಕ್ಕ: ಎರಡು ಗಂಟೆ ಅಲ್ಲ ದೊಡ್ಡಪ್ಪ 😄

ಚಿಕ್ಕಪ್ಪ: ಸರ್ವಿಸ್ 250 ಗಂಟೆಗೆ ಮಾಡಿಸೋಣ ಅಂತಿದ್ದೆ. ಆಯಿಲ್ ಇನ್ನೂ ಚೆನ್ನಾಗಿದೆ.

ಭಾವ: ನೋಡಲು ಚೆನ್ನಾಗಿರುತ್ತದೆ. ಆದರೆ ರಿಂಗ್ ಉಜ್ಜಿದ ಕಬ್ಬಿಣದ ಪುಡಿ ಎಲ್ಲಿಗೆ ಹೋಯಿತು? ಆಯಿಲಿನಲ್ಲೇ, ಫಿಲ್ಟರಿನಲ್ಲೇ ಇದೆ. ನಮ್ಮ ಸರ್ವಿಸ್ ಪುಸ್ತಕದಲ್ಲಿ ಮೊದಲ ಸರ್ವಿಸ್ 50ಕ್ಕೆ ಅಂತ ಇದೆ. ಸೀಲ್ ಹಾಕಿಸದಿದ್ದರೆ ನಾಳೆ ವಾರಂಟಿ ಕೇಳಲು ಬಾಯಿ ಇರುವುದಿಲ್ಲ.

ನಾನು: 2025ರ ಸೆಪ್ಟೆಂಬರ್‌ನಲ್ಲಿ ಟ್ರ್ಯಾಕ್ಟರ್ ಜಿಎಸ್‌ಟಿ 12ರಿಂದ 5ಕ್ಕೆ ಇಳಿದ ಮೇಲೆ ತಾನೇ ನಾವು ಕೊಂಡಿದ್ದು? ಅದರಲ್ಲಿ ಉಳಿದದ್ದರ ಮುಂದೆ ಒಂದು ಆಯಿಲ್ ಸರ್ವಿಸ್ ಖರ್ಚು ಏನೂ ಅಲ್ಲ ಚಿಕ್ಕಪ್ಪ. ನನ್ನ ಪಾಲು ಈಗಲೇ ಕಳಿಸುತ್ತೇನೆ.

ಚಿಕ್ಕಪ್ಪ: ಬೆಂಗಳೂರಿನಲ್ಲಿ ಕೂತು ಕಳಿಸುವುದು ಸುಲಭ. ಕಬ್ಬಿನವರಿಗೆ ನಾನು ಏನು ಹೇಳಲಿ?

ಭಾವ: ಬೇರೆ ಗಾಡಿ ನಾನು ಗೊತ್ತು ಮಾಡಿಕೊಡುತ್ತೇನೆ. ಬಾಡಿಗೆ ಅವರಿಗೆ ಹೋಗುತ್ತದೆ, ಮಾತು ನಿಮಗೆ ಉಳಿಯುತ್ತದೆ. ಪುಟ್ಟ, ಚಕ್ರದ ನಟ್ ನೋಡಿದೆಯಾ?

ಪುಟ್ಟ: ಈಗ ನೋಡಿದೆ. ಹಿಂದಿನ ಎಡಗಡೆ ಎರಡು ಸಡಿಲ ಇದ್ದವು. ಬಿಗಿ ಮಾಡಿದೆ. ಗಾಡಿ ಆಫ್ ಮಾಡಿಯೇ ಮಾಡಿದ್ದು ಭಾವ.

ಭಾವ: ಸರಿ. ದಿನಾ ಒಂದು ಸಲ ನೋಡು, ಹೊಸದರಲ್ಲಿ ಹಾಗೆ ಸಡಿಲ ಆಗುತ್ತವೆ.

ದೊಡ್ಡಪ್ಪ: ನಾಳೆ ಮೇಲಿನ ಹೊಲಕ್ಕೆ ಕಲ್ಟಿವೇಟರ್ ಹಾಕುತ್ತೇವೆ. ನಾನೇ ಓಡಿಸುತ್ತೇನೆ. ಪುಟ್ಟ ಬದುವಿನ ಮೇಲೆ ನಿಂತು ನೋಡಲಿ.

ಚಿಕ್ಕಪ್ಪ: ಹಾಕು. ಆದರೆ ಇಷ್ಟು ದಿನ ಅಂಗಳದಲ್ಲಿ ಸುಟ್ಟ ಡೀಸೆಲ್ ಮೂರು ಮನೆ ಲೆಕ್ಕಕ್ಕೆ ಬರುವುದಿಲ್ಲ ಅಣ್ಣ.

ದೊಡ್ಡಪ್ಪ: ಯಾಕೆ ಬರುವುದಿಲ್ಲ? ಪೂಜೆಯ ಕುಂಬಳಕಾಯಿ ನನ್ನ ತೋಟದ್ದು. ಅದಕ್ಕೆ ನೀನು ದುಡ್ಡು ಕೊಟ್ಟೆಯಾ?

ಅಕ್ಕ: ನಾನು ಇನ್ನು ಈ ಗುಂಪು ಮ್ಯೂಟ್ ಮಾಡುತ್ತೇನೆ.