ಒಂದು ಸಾಲು ಹೊಂದಿದರೆ ವಾದ ಸಿಂಧುವೇ?

ಪ್ರಶ್ನೆ: 'ಮಳೆ ಬಂದರೆ ಅಂಗಳ ನೆನೆಯುತ್ತದೆ. ಅಂಗಳ ನೆನೆದಿದೆ. ಆದ್ದರಿಂದ ಮಳೆ ಬಂದಿದೆ.' ಸತ್ಯ ಕೋಷ್ಟಕದ (ವಾಕ್ಯಗಳು ನಿಜ-ಸುಳ್ಳಾಗುವ ಎಲ್ಲ ಸಾಧ್ಯತೆಗಳನ್ನು ಸಾಲುಸಾಲಾಗಿ ಬರೆದ ಪಟ್ಟಿಯ) ಮೊದಲ ಸಾಲಿನಲ್ಲಿ ಎಲ್ಲವೂ ನಿಜ ಬರುತ್ತದೆ. ಆದರೂ ಉತ್ತರ 'ಅಸಿಂಧು' ಅಂತ ಇದೆ. ಯಾಕೆ ಸಾರ್?

ಉತ್ತರ 1: ಒಂದು ಸಾಲು ಸಾಲದು. ಆಧಾರವಾಕ್ಯಗಳೆಲ್ಲ (ಇಲ್ಲಿ ಮೊದಲ ಎರಡು ವಾಕ್ಯ) ನಿಜವಾಗಿರುವ ಪ್ರತಿ ಸಾಲಲ್ಲೂ ತೀರ್ಮಾನ ('ಆದ್ದರಿಂದ' ವಾಕ್ಯ) ನಿಜವಾಗಬೇಕು, ಆಗ ಮಾತ್ರ ವಾದ ಸಿಂಧು. 3ನೇ ಸಾಲು ನೋಡಿ: ಮಳೆ ಸುಳ್ಳು, ಅಂಗಳ ನೆನೆದದ್ದು ನಿಜ. 'ಬಂದರೆ' ವಾಕ್ಯ ಸುಳ್ಳಾಗುವುದು ಮಳೆ ಬಂದೂ ಅಂಗಳ ನೆನೆಯದಿದ್ದಾಗ ಮಾತ್ರ. ಹಾಗಾಗಿ ಇಲ್ಲಿ ಅದು ನಿಜ. ಆಧಾರಗಳೆರಡೂ ನಿಜ, ತೀರ್ಮಾನ ಸುಳ್ಳು. ಅಷ್ಟಕ್ಕೇ ವಾದ ಬಿತ್ತು. ರಂಗೋಲಿಗೆ ಯಾರೋ ನೀರು ಚಿಮುಕಿಸಿರಬಹುದಲ್ಲ! ಎರಡನೇ ವಾಕ್ಯ 'ಅಂಗಳ ನೆನೆದಿಲ್ಲ', ತೀರ್ಮಾನ 'ಮಳೆ ಬಂದಿಲ್ಲ' ಎಂದಾದರೆ ಆಧಾರಗಳೆರಡೂ ನಿಜವಾಗುವುದು 4ನೇ ಸಾಲಲ್ಲಿ (ಮಳೆಯೂ ಸುಳ್ಳು, ಅಂಗಳ ನೆನೆದದ್ದೂ ಸುಳ್ಳು) ಮಾತ್ರ. ಅಲ್ಲಿ ತೀರ್ಮಾನವೂ ನಿಜ, ಆದ್ದರಿಂದ ಸಿಂಧು.

ಉತ್ತರ 2: ಸರಳ ವಾಕ್ಯ ('ಮಳೆ ಬಂದಿದೆ' ಥರದ್ದು) 3 ಇದ್ದರೆ ಕೋಷ್ಟಕಕ್ಕೆ 8 ಸಾಲು, 5 ಇದ್ದರೆ 32. 8 ಸಾಲಿನದಾದರೆ ಮೊದಲ ಕಂಬದಲ್ಲಿ 4 ನಿಜ 4 ಸುಳ್ಳು, ಮುಂದಿನದರಲ್ಲಿ ಎರಡೆರಡು, ಕೊನೆಯದರಲ್ಲಿ ಒಂದೊಂದು. ಈ ಕ್ರಮ ತಪ್ಪಿದರೆ ಸಾಲು ಬಿಟ್ಟುಹೋಗಬಹುದು. ಸಾಲು ಹೆಚ್ಚಾದರೆ ಉಲ್ಟಾ ಹೋಗಿ: ತೀರ್ಮಾನ ಸುಳ್ಳು, ಆಧಾರಗಳೆಲ್ಲ ನಿಜ ಎಂದಿಟ್ಟುಕೊಳ್ಳಿ. ಪಿ, ಕ್ಯೂ, ಆರ್ ಮೂರು ಸರಳ ವಾಕ್ಯಗಳಾಗಿರಲಿ: 'ಪಿ ಆದರೆ ಕ್ಯೂ, ಕ್ಯೂ ಆದರೆ ಆರ್. ಆದ್ದರಿಂದ ಪಿ ಆದರೆ ಆರ್.' ತೀರ್ಮಾನ ಸುಳ್ಳಾಗಲು ಪಿ ನಿಜ, ಆರ್ ಸುಳ್ಳು ಆಗಬೇಕು. ಮೊದಲ ಆಧಾರದಿಂದ ಕ್ಯೂ ನಿಜ, ಆಗ ಎರಡನೆಯದು ಸುಳ್ಳಾಗಿಬಿಡುತ್ತದೆ. ವಿರೋಧ ಬಂತು, ವಾದ ಸಿಂಧು.

ಉತ್ತರ 3: ಆಧಾರಗಳು ಒಟ್ಟಿಗೆ ನಿಜವಾಗುವ ಸಾಲೇ ಇಲ್ಲದಿದ್ದರೂ ವಾದ ಸಿಂಧುವೇ, ಆಧಾರಗಳು ನಿಜವಾಗಿ ತೀರ್ಮಾನ ಸುಳ್ಳಾಗುವ ಸಾಲು ಸಿಗುವುದೇ ಇಲ್ಲವಲ್ಲ. ಬಹಳ ಜನ ಇಲ್ಲೇ 'ಅಸಿಂಧು' ಅಂತ ಬರೆದು ಅಂಕ ಕಳೆದುಕೊಳ್ಳುತ್ತಾರೆ.