ಕಬ್ಬಿನ ಗದ್ದೆಗೆ ಚಿರತೆ ಬಂದಿದೆ, ಬೋನು ಇಡಿಸಬೇಕಾ?

ಕಬ್ಬಿನ ಹುಡುಗ (ಮಂಡ್ಯ ಕಡೆ):
ಹೋದ ವಾರ ಪಕ್ಕದ ಮನೆಯ ಕರುವನ್ನು ಕೊಟ್ಟಿಗೆಯಿಂದಲೇ ಎಳೆದುಕೊಂಡು ಹೋಗಿದೆ. ಊರವರು ಬೋನಿಗೆ ಅರ್ಜಿ ಕೊಡೋಣ ಅಂತಿದ್ದಾರೆ. ನಮ್ಮಪ್ಪ ಮಾತ್ರ 'ಒಂದು ಹೋದರೆ ಇನ್ನೊಂದು ಬರುತ್ತೆ, ಸುಮ್ನಿರಿ' ಅಂತಾರೆ. ತ್ರೀ ಫೇಸ್ ಕರೆಂಟ್ ಬರುವುದೇ ರಾತ್ರಿ. ಮೋಟಾರ್ ಹಾಕಲು ನಾನೇ ಹೋಗಬೇಕು. ನಿಮ್ಮ ಕಡೆ ಏನು ಮಾಡಿದಿರಿ?

ನರಸೀಪುರದವ:
ಯೋಚನೆ ಏನು ಮಾಡ್ತೀರಿ, ಇಡಿಸಿ. ನಮ್ಮ ತಾಲ್ಲೂಕಿನಲ್ಲಿ 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯೊಳಗೆ ಚಿರತೆ ದಾಳಿಗೆ ನಾಲ್ವರು ಸತ್ತರು. ಒಬ್ಬ ಚಿಕ್ಕ ಹುಡುಗ. ಆಮೇಲೆ ಚಿರತೆ ಹಿಡಿಯುವ ಕಾರ್ಯಪಡೆ ಬಂತು.

ನಾಲೆ ಏರಿ ಅಕ್ಕ:
ನರಸೀಪುರದ ಅಣ್ಣನ ಸಿಟ್ಟು ನ್ಯಾಯವೇ. ಮನುಷ್ಯರ ಮೇಲೆ ಬಿದ್ದ ಚಿರತೆಯನ್ನು ಹಿಡಿಯಲೇಬೇಕು. ಆದರೆ ಕರು ಹಿಡಿದದ್ದು ಬೇರೆ ಮಾತು ತಮ್ಮಾ. ಆಜೋಬಾ ಅಂತ ಒಂದು ಗಂಡು ಚಿರತೆ ಇತ್ತು. 2009ರಲ್ಲಿ ಮಹಾರಾಷ್ಟ್ರದ ಅಹ್ಮದ್‌ನಗರ ಜಿಲ್ಲೆಯಲ್ಲಿ ಬಾವಿಗೆ ಬಿದ್ದಿತ್ತು. ಮೇಲೆತ್ತಿ, ಎಲ್ಲಿ ಓಡಾಡುತ್ತೆ ಅಂತ ತಿಳಿಯಲು ಕುತ್ತಿಗೆಗೆ ಕಾಲರ್ ಹಾಕಿ ಮಾಳ್ಶೇಜ್ ಘಾಟಿನಲ್ಲಿ ಬಿಟ್ಟರು. ಅದು ಹೆದ್ದಾರಿ, ರೈಲು ಹಳಿ ಎಲ್ಲ ದಾಟಿ ಸುಮಾರು 120 ಕಿಲೋಮೀಟರ್ ನಡೆದು ಮುಂಬೈ ಪಕ್ಕದ ಕಾಡು ಸೇರಿತು! ಬೋನಿನಲ್ಲಿ ಹಿಡಿದು ದೂರ ಬಿಟ್ಟರೆ ಬಿಟ್ಟ ಕಡೆಯೇ ಇರುತ್ತೆ ಅಂತ ಯಾರು ಹೇಳಿದರು?

ನಮ್ಮೂರಲ್ಲಿ ಕಬ್ಬು ಕಟಾವಿನಲ್ಲಿ ಮರಿಗಳೇ ಸಿಕ್ಕಿದ್ದವು. ಅರಣ್ಯದವರು ಬುಟ್ಟಿಯಲ್ಲಿಟ್ಟು ಅದೇ ಜಾಗದಲ್ಲಿ ಬಿಟ್ಟರು, ರಾತ್ರಿ ತಾಯಿ ಬಂದು ಒಯ್ದಿತು. ಆಳುಗಳು ಒಂದಷ್ಟು ದಿನ ಗದ್ದೆಗೆ ಇಳಿಯಲಿಲ್ಲ. ಅವರಿಗೂ ಮನೆ ಮಕ್ಕಳು ಇಲ್ವಾ?

ಕೊಟ್ಟಿಗೆಗೆ ಅರ್ಧ ಗೋಡೆ ಸಾಲದು, ಸೂರಿನವರೆಗೆ ಜಾಲರಿ ಬಿಗಿಸಿ. ಕೋಳಿ ಅಂಗಡಿಯವರು ಕಸ ಎಲ್ಲಿ ಸುರಿಯುತ್ತಾರೆ ನೋಡು. ಅದಕ್ಕೆ ನಾಯಿ ಸೇರುತ್ತವೆ, ನಾಯಿ ಹುಡುಕಿಕೊಂಡು ಚಿರತೆ ಬರುತ್ತೆ. ನಾವು ಮೊದಲು ನಿಲ್ಲಿಸಿದ್ದೇ ಅದನ್ನು, ಜಗಳ ಆಡಿ. ರಾತ್ರಿ ಒಬ್ಬನೇ ಹೋಗಬೇಡ. ಇಬ್ಬರು ಹೋಗಿ, ಟಾರ್ಚ್ ಇರಲಿ, ಜೋರಾಗಿ ಮಾತಾಡಿಕೊಂಡು ಹೋಗಿ. ಬೋನಿನ ಅರ್ಜಿ ಜೊತೆ ಹಗಲು ಕರೆಂಟಿಗೂ ಒಂದು ಅರ್ಜಿ ಹಾಕಿ. ನನ್ನ ಕೇಳಿದರೆ ಅದೇ ಮುಖ್ಯ.

ಹನೂರು ಸೀಮೆ:
ಸಿಟ್ಟಲ್ಲಿ ಯಾರಾದರೂ ಸತ್ತ ಕರುವಿಗೆ ವಿಷ ಹಾಕಿಯಾರು, ಕಣ್ಣಿಡಿ. 2025ರ ಜೂನ್‌ನಲ್ಲಿ ನಮ್ಮ ಮಲೆ ಮಹದೇಶ್ವರ ಕಾಡಿನಲ್ಲಿ ಹಾಗೇ ಆಗಿ ಒಂದು ತಾಯಿ ಹುಲಿ, ನಾಲ್ಕು ಮರಿ ಸತ್ತವು. ಹಸು ಕಳೆದುಕೊಂಡವರೇ ಜೈಲಿಗೆ ಹೋದರು. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ, ಅರಣ್ಯದವರು ಬಂದು ನೋಡುವ ತನಕ ಕರುವನ್ನು ಹೂಳಬೇಡಿ. ಪರಿಹಾರಕ್ಕೆ ಅದು ಬೇಕು.

ಕಬ್ಬಿನ ಹುಡುಗ:
ಕರು ಆಗಲೇ ಹೂತಾಗಿದೆ, ಫೋಟೊ ಮಾತ್ರ ಇದೆ. ಜಾಲರಿ ಈ ವಾರವೇ ಹಾಕಿಸುತ್ತೇವೆ. ಅಕ್ಕಾ, ಕೋಳಿ ಅಂಗಡಿ ನಮ್ಮ ಚಿಕ್ಕಪ್ಪನದ್ದೇ. ಜಗಳ ಹೇಗೆ ಶುರು ಮಾಡಿದಿರಿ, ಅದನ್ನೂ ಸ್ವಲ್ಪ ಹೇಳಿ.