ನಿಮ್ಮ ಅಡ್ಡಹೆಸರು ಯಾರು ಇಟ್ಟಿದ್ದು? ಯೂಸರ್‌ನೇಮ್ ಹಿಂದಿನ ಕಥೆ ಹೇಳಿ

ದರ್ಯಾನ_ಮಗಳು (ಕಾರವಾರ):

ಎಲ್ಲರಿಗೂ ನಮಸ್ಕಾರ. ಇಲ್ಲಿ ನಿಮ್ಮ ಜೊತೆ ಮಾತಾಡಲು ಶುರು ಮಾಡಿ ಎಷ್ಟೋ ಕಾಲವಾಯ್ತು. ಯಾರ ತೋಟಕ್ಕೆ ಕೊಳೆ ಬಂತು, ಯಾರ ಮಗಳ ಮದುವೆ ನಿಕ್ಕಿ ಆಯ್ತು, ಎಲ್ಲ ಗೊತ್ತು. ಆದರೆ ನೀವು ಆ ಹೆಸರು ಯಾಕೆ ಇಟ್ಟುಕೊಂಡಿರಿ ಅನ್ನೋದು ಗೊತ್ತಿಲ್ಲ. ಮೊದಲು ನನ್ನದು ಹೇಳುತ್ತೇನೆ.

ಬೈತಖೋಲ ಬಂದರಿನಲ್ಲಿ ನನ್ನ ಅಪ್ಪನದೊಂದು ಟ್ರಾಲ್ ಬೋಟು ಇತ್ತು. ಹೆಸರು ದರ್ಯಾದೌಲತ್. ನೀಲಿ ಬಣ್ಣದ ಮೇಲೆ ಹಳದಿ ಅಕ್ಷರ. ಕಡಲಿಗೆ ಹೋದಮೇಲೆ ವಯರ್‌ಲೆಸ್‌ನಲ್ಲಿ ಯಾರೂ ಮನುಷ್ಯರ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಬೋಟಿನ ಹೆಸರೇ. "ದರ್ಯಾ, ಓ ದರ್ಯಾ, ಎಷ್ಟು ಮಾರು ನೀರಲ್ಲಿದ್ದೀಯಾ? ಸೀಗಡಿ ಬಿತ್ತಾ?" ಹಾಗೆ ಕರೆದು ಕರೆದು ಅಪ್ಪ ದಡದ ಮೇಲೂ ದರ್ಯಾ ಆದರು. ಮೀನು ಮಾರ್ಕೆಟ್ಟಿನಲ್ಲಿ ಅಮ್ಮ ದರ್ಯಾನ ಹೆಂಡತಿ. ಐಸ್ ಫ್ಯಾಕ್ಟರಿಯ ಲೆಕ್ಕದ ಪುಸ್ತಕದಲ್ಲೂ ಅಪ್ಪನ ಹೆಸರು ದರ್ಯಾ ಅಂತಲೇ ಇತ್ತು.

ಅಪ್ಪನಿಗೆ ಹುಷಾರಿಲ್ಲದೆ ಆಸ್ಪತ್ರೆಯಲ್ಲಿದ್ದಾಗ ಬಂದರಿನಿಂದ ಜನ ನೋಡಲು ಬರುತ್ತಿದ್ದರು. ಕೌಂಟರಿನಲ್ಲಿ "ದರ್ಯಾ ಯಾವ ವಾರ್ಡಿನಲ್ಲಿ?" ಅಂತ ಕೇಳುತ್ತಿದ್ದರು. ಅಲ್ಲಿಯವರಿಗೆ ಎಲ್ಲಿ ಗೊತ್ತಾಗಬೇಕು? ಇಪ್ಪತ್ತು ವರ್ಷ ಒಟ್ಟಿಗೆ ಕಡಲಿಗೆ ಹೋದವರಿಗೆ ಅಪ್ಪನ ನಿಜವಾದ ಹೆಸರೇ ಗೊತ್ತಿರಲಿಲ್ಲ. ಕೊನೆಗೆ ನಾನೇ ಗೇಟಿನ ಹತ್ತಿರ ನಿಂತು ಒಬ್ಬೊಬ್ಬರನ್ನೇ ಒಳಗೆ ಕರೆದುಕೊಂಡು ಹೋದೆ.

ಆಮೇಲೆ ಬೋಟು ಮಾರಬೇಕಾಯ್ತು. ತದಡಿ ಕಡೆಯವರು ತಗೊಂಡರು. ಜೂನ್, ಜುಲೈ ಮೀನುಗಾರಿಕೆ ಬಂದ್ ಇರುವಾಗ ಅವರು ಬೇರೆ ಬಣ್ಣ ಹೊಡೆಸಿ, ತಮ್ಮ ದೇವರ ಹೆಸರು ಬರೆಸಿದರು. ಅದು ಸರಿಯೇ, ಬೋಟು ಈಗ ಅವರದ್ದು. ಆದರೆ ಹತ್ತಿರ ನಿಂತು ನೋಡಿದರೆ ಹೊಸ ಬಣ್ಣದ ಅಡಿಯಲ್ಲಿ "ರ್ಯಾ" ಅಕ್ಷರದ ಅಂಚು ಉಬ್ಬಿದ್ದು ಕಾಣುತ್ತಿತ್ತು. ಕೈಯಾಡಿಸಿದರೆ ಗೊತ್ತಾಗುತ್ತಿತ್ತು. ನಾನು ಇಲ್ಲಿ ಸೇರಿದ್ದು ಆ ಮಳೆಗಾಲದಲ್ಲೇ. ಹೆಸರು ಕೇಳಿದಾಗ ಬೇರೆ ಯಾವುದೂ ತಲೆಗೆ ಬರಲಿಲ್ಲ.

ಈಗ ನಿಮ್ಮ ಸರದಿ. ಸೂಪಾ_ಪೇಟೆ ಅಣ್ಣ, ನಿಮ್ಮ ಹೆಸರು ನೋಡಿದಾಗಲೆಲ್ಲ ಕೇಳಬೇಕು ಅನಿಸುತ್ತದೆ. ದಯವಿಟ್ಟು ಬರೆಯಿರಿ.

ಕೆಳಗಿನಮನೆ_ಗಪ್ಪತಿ (ಶಿರಸಿ):

ತಂಗಿ, ಓದಿ ಮನಸ್ಸು ತುಂಬಿತು.

ನಮ್ಮ ಕಡೆ ಅಡ್ಡಹೆಸರು ಇಲ್ಲದಿದ್ದರೆ ಬದುಕೇ ನಡೆಯುವುದಿಲ್ಲ. ಊರಿಗೆ ನಾಲ್ಕು ಗಣಪತಿ ಹೆಗಡೆ, ಮೂರು ಮಂಜುನಾಥ ಭಟ್ಟ. ಅಜ್ಜನ ಹೆಸರು ಮೊಮ್ಮಗನಿಗೆ ಇಡುವುದರಿಂದ ಅವೇ ಹೆಸರು ತಿರುಗಿ ತಿರುಗಿ ಬರುತ್ತವೆ. ಅಪ್ಪನ ಹೆಸರು ಸೇರಿಸಿದರೂ ಬಗೆಹರಿಯುವುದಿಲ್ಲ. ನನ್ನ ಅಡಿಕೆ ದುಡ್ಡು ಒಂದು ಸಲ ಇನ್ನೊಬ್ಬ ಗಣಪತಿ ಸುಬ್ರಾಯ ಹೆಗಡೆಯ ಖಾತೆಗೆ ಹೋಗಿತ್ತು. ಅವನೇ ಸಂಜೆ ಮನೆಗೆ ಬಂದು ಹೇಳಿದ, ಪುಣ್ಯಾತ್ಮ. ಅವನು ಮೇಲಿನಮನೆ, ನಾನು ಕೆಳಗಿನಮನೆ. ಪೋಸ್ಟ್‌ಮ್ಯಾನ್ ಲಕೋಟೆ ಮೇಲಿನ ಹೆಸರು ನೋಡುವುದೇ ಇಲ್ಲ. ಯಾರು ಕಳಿಸಿದ್ದು ಅಂತ ನೋಡಿ, ಯಾವ ಮನೆಗೆ ಅಂತ ತಾನೇ ತೀರ್ಮಾನ ಮಾಡುತ್ತಾನೆ.

ಯಕ್ಷಗಾನ ನೋಡುವವರಿಗೆ ಇದು ಹೊಸದಲ್ಲ. ರಾಮಚಂದ್ರ ಹೆಗಡೆ ಅಂದರೆ ಯಾವ ರಾಮಚಂದ್ರ ಹೆಗಡೆ? ಚಿಟ್ಟಾಣಿಯವರೂ ರಾಮಚಂದ್ರ ಹೆಗಡೆ, ಕೊಂಡದಕುಳಿಯವರೂ ರಾಮಚಂದ್ರ ಹೆಗಡೆ. ಆಟದ ದಿನ ಜನ ಕೇಳುತ್ತಿದ್ದದ್ದು ಒಂದೇ ಮಾತು, "ಇವತ್ತು ಚಿಟ್ಟಾಣಿ ಇದ್ದಾರಾ?" 2012ರಲ್ಲಿ ಪದ್ಮಶ್ರೀ ಬಂದಾಗಲೂ ನಮ್ಮ ಬಾಯಲ್ಲಿ ಅದು ಚಿಟ್ಟಾಣಿಗೆ ಬಂದ ಪದ್ಮಶ್ರೀ. ಹೊನ್ನಾವರದ ಆ ಊರನ್ನು ಕಣ್ಣಲ್ಲಿ ಕಾಣದವರಿಗೂ ಊರಿನ ಹೆಸರು ಬಾಯಿಪಾಠ ಆಯ್ತು. ಕೆರೆಮನೆಯೂ ಹಾಗೆಯೇ. ಶಿವರಾಮ ಹೆಗಡೆ, ಮಹಾಬಲ ಹೆಗಡೆ, ಶಂಭು ಹೆಗಡೆ, ಎಲ್ಲರ ಮುಂದೆಯೂ ಅದೊಂದೇ ಹೆಸರು. ಮನೆ ಹೆಸರನ್ನು ಇಷ್ಟು ದೂರ ಹೊತ್ತುಕೊಂಡು ಹೋದ ಜನ ನನಗೆ ಬಹಳ ದೊಡ್ಡವರು.

ನನ್ನ ಮಗ ಬೆಂಗಳೂರಿನಲ್ಲಿ ಹೆಸರಿನ ಮುಂದೆ ಇನಿಷಿಯಲ್ ಮಾತ್ರ ಇಟ್ಟುಕೊಂಡಿದ್ದಾನೆ. ಕೆಳಗಿನಮನೆ ಎಲ್ಲಿಯೂ ಇಲ್ಲ. ಅದಕ್ಕೇ ನಾನಾದರೂ ಇಲ್ಲಿ ಬರೆದಿಟ್ಟೆ.

ಅಂಕೋಲಾ_30:

ನಂದು ಚಿಕ್ಕದು. ಅಂಕೋಲಾ ಅಂತ ಹಾಕಿದರೆ ಆ ಹೆಸರು ಮೊದಲೇ ಯಾರೋ ತಗೊಂಡಿದ್ದರು. ಕೆಎ 30ರ 30 ಸೇರಿಸಿದೆ. ಬೆಂಗಳೂರಿನ ಸಿಗ್ನಲ್‌ನಲ್ಲಿ ನನ್ನ ಬೈಕಿನ ನಂಬರ್ ನೋಡಿ "ಯಾವೂರು, ಕಾರವಾರವಾ?" ಅಂತ ಕೇಳಿದವರು ಈಗ ನನ್ನ ರೂಮ್‌ಮೇಟ್. ಅವರು ಗೋಕರ್ಣದವರು. ಶಿರಸಿಯವರು 31, ಹೊನ್ನಾವರದವರು 47, ದಾಂಡೇಲಿಯವರು 65. ಅವರೂ ಇದ್ದರೆ ಕೈ ಎತ್ತಿ!

ಸೂಪಾ_ಪೇಟೆ:

ತಂಗಿ, ನೀವು ಹೆಸರು ಹಿಡಿದು ಕೇಳಿದ್ದಕ್ಕೆ ಬರೆಯುತ್ತಿದ್ದೇನೆ.

ನಾನು ಸೂಪಾ ನೋಡಿಲ್ಲ. ಹುಟ್ಟಿದ್ದು, ಬೆಳೆದಿದ್ದು ರಾಮನಗರದಲ್ಲಿ. ಅಪ್ಪ, ಅಜ್ಜ ಸೂಪಾದವರು. ಗಣೇಶಗುಡಿಯಲ್ಲಿ ಕಾಳಿ ನದಿಗೆ 101 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿದರಲ್ಲ, ಅದರ ಹಿನ್ನೀರಿನಲ್ಲಿ ಪೇಟೆ ಪೂರ್ತಿ ಹೋಯ್ತು. ಆಗ ಅದು ಸೂಪಾ ತಾಲ್ಲೂಕು. ಈಗ ಜೋಯಿಡಾ. ಅಪ್ಪನ ಶಾಲೆ ಸರ್ಟಿಫಿಕೇಟಿನಲ್ಲಿ ಮಾತ್ರ ಜನ್ಮಸ್ಥಳ ಸೂಪಾ ಅಂತ ಇದೆ. ಆನ್‌ಲೈನ್ ಅರ್ಜಿ ತುಂಬುವಾಗ ಊರಿನ ಪಟ್ಟಿಯಲ್ಲಿ ಅದನ್ನು ಹುಡುಕಿದರೆ ಸಿಗಲಿಲ್ಲ. ಅಪ್ಪ ಪಕ್ಕದಲ್ಲೇ ಕೂತಿದ್ದರು. "ಬಿಡು, ಯಾವುದಾದರೂ ಒಂದು ಒತ್ತು" ಅಂದರು. ನನಗೆ ಬೆರಳು ಬರಲಿಲ್ಲ.

ಜನ ಸೂಪಾ ಅಂದರೆ ಡ್ಯಾಮ್ ಅಂದುಕೊಳ್ಳುತ್ತಾರೆ. ವಿಡಿಯೋ ಹಾಕುತ್ತಾರೆ, ನೀರು ಚೆನ್ನಾಗಿದೆ ಅನ್ನುತ್ತಾರೆ. ಅಲ್ಲಿ ಪೇಟೆ ಇತ್ತು. ಅಂಗಡಿ ಇತ್ತು, ಅಜ್ಜ ಬಟ್ಟೆ ವ್ಯಾಪಾರ ಮಾಡುತ್ತಿದ್ದರು. ಅದಕ್ಕೇ ಬರೀ ಸೂಪಾ ಅಂತ ಇಡದೆ ಪೇಟೆ ಅಂತ ಸೇರಿಸಿದ್ದು.

ಕುಮಟೆ_ಟೀಚರ್:

ಎಲ್ಲರ ಕಥೆಯೂ ಚೆಂದ. ಆದರೆ ಇನ್ನೊಂದು ಥರದ ಅಡ್ಡಹೆಸರೂ ಇದೆಯಲ್ಲ, ಅದನ್ನೂ ಹೇಳಬೇಕು. ಕುಂಟ, ಕೆಪ್ಪ, ಮಳ್ಳ. ಶಾಲೆಯಲ್ಲಿ ದಿನಾ ಕೇಳಿದ್ದೇನೆ. ಊರಿನ ಹೆಸರು, ಮನೆ ಹೆಸರು, ಬೋಟಿನ ಹೆಸರು ಹಿಡಿದು ಎಷ್ಟಾದರೂ ಕರೆಯಲಿ. ಮೈಯಲ್ಲಿನ ಕೊರತೆ ಹಿಡಿದು ಕರೆಯುವುದನ್ನು ನನ್ನ ಕ್ಲಾಸಿನಲ್ಲಿ ಬಿಡಲಿಲ್ಲ. "ಸುಮ್ನೆ ತಮಾಷೆಗೆ ಟೀಚರ್" ಅಂತ ಪಾಲಕರೂ ಹೇಳಿದ್ದುಂಟು. ಕರೆಸಿಕೊಂಡವನಿಗೆ ಅದು ತಮಾಷೆ ಅಲ್ಲ.

ಕಾಲು ಸ್ವಲ್ಪ ಎಳೆಯುವ ಒಬ್ಬ ಹುಡುಗನಿದ್ದ. ಶಾಲೆಯ ಆಟದಲ್ಲಿ ಬಭ್ರುವಾಹನನ ಪಾತ್ರ ಅವನೇ ಕೇಳಿ ತಗೊಂಡ. ಕುಣಿತ ಕಡಿಮೆ ಮಾಡಿ ಮಾತು ಜಾಸ್ತಿ ಕೊಟ್ಟೆವು. ಅರ್ಜುನನ ಎದುರು ನಿಂತು ತಾಯಿಯ ಪರವಾಗಿ ಆಡಿದ ಮಾತಿಗೆ ಹಿಂದಿನ ಸಾಲಿನ ಹೆಂಗಸರು ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ಈಗ ಅವನ ಮೊಬೈಲ್ ಅಂಗಡಿಯ ಬೋರ್ಡಿನ ಮೇಲೂ, ವಾಟ್ಸಾಪ್‌ನಲ್ಲೂ ಬಭ್ರುವಾಹನ ಅಂತಲೇ ಇದೆ. ಹಳೆಯ ಹೆಸರು ಹಿಡಿದು ಕರೆಯುವವರು ಈಗಲೂ ಒಬ್ಬಿಬ್ಬರು ಇದ್ದಾರೆ. ಅವರಿಗೆ ಎದುರೇ ಹೇಳಿದ್ದೇನೆ, ಬೇಡ ಅಂತ.

ದರ್ಯಾನ_ಮಗಳು:

ಟೀಚರ್, ನೀವು ಹೇಳಿದ್ದು ಸರಿ. ಬಂದರಿನಲ್ಲೂ ಅಂಥ ಹೆಸರು ಜಾಸ್ತಿ. ಇನ್ನು ನನ್ನ ಬಾಯಲ್ಲಿ ಬರುವುದಿಲ್ಲ.

ಸೂಪಾ_ಪೇಟೆ ಅಣ್ಣ, ಅಪ್ಪನಿಗೆ ನೆನಪಿರುವಾಗಲೇ ಪೇಟೆಯ ಕೇರಿ, ಅಂಗಡಿ, ಮನೆಗಳ ಹೆಸರು ಕೇಳಿ ಬರೆದಿಟ್ಟುಕೊಳ್ಳಿ. ಯಾರ ಮನೆ ಪಕ್ಕ ಯಾರದ್ದು ಅನ್ನೋದನ್ನೂ ಕೇಳಿ. ಫೋನಿನಲ್ಲಿ ಅವರ ದನಿಯಲ್ಲೇ ರೆಕಾರ್ಡ್ ಮಾಡಿದರೆ ಇನ್ನೂ ಒಳ್ಳೇದು. ಟೈಪ್ ಮಾಡಿ ಇಲ್ಲಿ ಹಾಕುವ ಕೆಲಸ ನಾನು ಮಾಡುತ್ತೇನೆ.